ಓದುಗರ ಪ್ರಶ್ನೆ: ಹದಿನಾಲ್ಕು ಸಲ ಪೇಪರಲ್ಲಿ ಬಂದ ರೌಡಿಗೆ ವಿಕಿಪೀಡಿಯದಲ್ಲಿ ಜಾಗ ಯಾಕಿಲ್ಲ?

"ಸರ್, ನಮ್ಮ ಏರಿಯಾದ ಒಬ್ಬ ರೌಡಿ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಹಾಕಿದ್ದೆ. ಹದಿನಾಲ್ಕು ಪೇಪರ್ ಕಟಿಂಗ್ ಉಲ್ಲೇಖ ಕೊಟ್ಟಿದ್ದೆ. ಆದ್ರೂ ಅಳಿಸಿಬಿಟ್ರು. ಹಾಗಾದ್ರೆ ಪೇಪರಲ್ಲಿ ಬಂದಿದ್ದೆಲ್ಲ ಸುಳ್ಳಾ?"

ದಾವಣಗೆರೆಯಲ್ಲಿ ಈ ಪ್ರಶ್ನೆ ನನ್ನನ್ನು ಕೇಳದ ವರ್ಷವೇ ಇಲ್ಲ. ಕಾಲೇಜಿನ ವಿಕಿ ಕಮ್ಮಟದಲ್ಲಿ ಕೇಳುತ್ತಾರೆ, ಜಯದೇವ ಸರ್ಕಲ್ಲಿನಲ್ಲಿ ನಿಲ್ಲಿಸಿ ಕೇಳುತ್ತಾರೆ, ಬೆಣ್ಣೆದೋಸೆ ಟೇಬಲ್ಲಿಗೆ ಬರುವಷ್ಟರಲ್ಲಿ ಎದುರಿಗೆ ಕೂತವರು ಕೇಳುತ್ತಾರೆ. ಚಿತ್ರದುರ್ಗದಿಂದ ಬರುವ ಮೆಸೇಜುಗಳಲ್ಲೂ ಇದೇ. ರೌಡಿಯ ಹೆಸರು ಬೇರೆ, ಬಡಾವಣೆ ಬೇರೆ, ಪ್ರಶ್ನೆ ಮಾತ್ರ ಅದೇ. ಹೇಳಿ ಹೇಳಿ ಸಾಕಾಗಿದೆ. ಇವತ್ತು ಪೂರ್ತಿ ಬರೆದಿಡುತ್ತೇನೆ.

ಪೇಪರಲ್ಲಿ ಬಂದದ್ದು ಸುಳ್ಳಲ್ಲ. ಆದರೆ ಹದಿನಾಲ್ಕು ಸಲ ಬಂದ ಮಾತ್ರಕ್ಕೆ ಅವು ಹದಿನಾಲ್ಕು ಆಧಾರಗಳಾಗುವುದಿಲ್ಲ. ಇದೊಂದು ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಈ ಪ್ರಶ್ನೆ ಕೇಳಿದ ಹುಡುಗ ಬಿ.ಎ. ಓದುತ್ತಾನೆ. ಕಮ್ಮಟಕ್ಕೆ ಫೈಲನ್ನೇ ತಂದಿದ್ದ. ಎ4 ಹಾಳೆಗೆ ಒಂದೊಂದೇ ಕಟಿಂಗ್ ಅಂಟಿಸಿ, ಕೆಳಗೆ ತಾರೀಖು ಬರೆದಿದ್ದ. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರು ಎಷ್ಟು ಜನ ಸಿಗುತ್ತಾರೆ! ಅದಕ್ಕೇ ಬೈಯದೆ ಅವನ ಪಕ್ಕ ಕೂತು, ಕೈಗೆ ಕೆಂಪು ಪೆನ್ನು ಕೊಟ್ಟೆ. "ಪೊಲೀಸರು ತಿಳಿಸಿದ್ದಾರೆ", "ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ", "ತಲೆಮರೆಸಿಕೊಂಡಿದ್ದ ಆರೋಪಿಯನ್ನು ಬಂಧಿಸಲಾಗಿದೆ" ಅಂತ ಇರುವ ಸಾಲಿಗೆಲ್ಲ ಗೆರೆ ಎಳೆ ಅಂದೆ.

ಹದಿನಾಲ್ಕರಲ್ಲಿ ಆರು ಕಟಿಂಗ್ ಒಂದೇ ಬಂಧನದ್ದು. ಆರು ಪತ್ರಿಕೆಗೂ ಹೋದದ್ದು ಠಾಣೆಯ ಒಂದೇ ಪ್ರಕಟಣೆ. ರೌಡಿಯ ಅಡ್ಡಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ಆರರಲ್ಲೂ ಅದೇ ಒತ್ತಕ್ಷರವೇ ತಪ್ಪಿತ್ತು. ನಾಲ್ಕು ಕಟಿಂಗ್ ಜಾಮೀನು, ವಿಚಾರಣೆಯ ಸುದ್ದಿ. ಮೂರು ಗಡಿಪಾರಿನ ಪಟ್ಟಿ, ಅದರಲ್ಲಿ ಇವನದ್ದೂ ಒಂದು ಹೆಸರು. ಕೊನೆಯದು ರೌಡಿ ಪರೇಡಿನ ಫೋಟೊ, ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದಾನೆ. ಗೆರೆ ಎಳೆದು ಮುಗಿಸಿದಾಗ ಹಾಳೆಗಳೆಲ್ಲ ಕೆಂಪಾಗಿದ್ದವು.

"ಈಗ ಮೊದಲ ವಾಕ್ಯ ಬರಿ" ಅಂದೆ. "ಇವನೊಬ್ಬ ಕುಖ್ಯಾತ ರೌಡಿ" ಅಂತ ಶುರು ಮಾಡಿದ.

"ಕುಖ್ಯಾತ ಅಂತ ಯಾರು ಹೇಳಿದ್ದು?"

"ಪೇಪರ್, ಸರ್."

"ಪೇಪರಿಗೆ ಯಾರು ಹೇಳಿದ್ದು?"

ಹುಡುಗ ಪೆನ್ನಿನ ಮುಚ್ಚಳ ಹಾಕಿದ. ಆ ಮನುಷ್ಯ ಎಲ್ಲಿ ಹುಟ್ಟಿದ, ಎಷ್ಟು ಓದಿದ, ಈ ದಾರಿಗೆ ಹೇಗೆ ಬಿದ್ದ, ಅವನಿಂದ ಆ ಪೇಟೆಯ ವ್ಯಾಪಾರ ಏನಾಯಿತು ಎಂಬುದಕ್ಕೆ ಹದಿನಾಲ್ಕು ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ. ವರದಿಗಾರರ ತಪ್ಪಲ್ಲ ಇದು. ಬೆಳಗಿನ ಪೇಪರಿಗೆ ರಾತ್ರಿಯ ಸುದ್ದಿ ಕೊಡುವುದು ಅವರ ಕೆಲಸ, ಅದನ್ನು ಮಾಡಿದ್ದಾರೆ. ವಿಶ್ವಕೋಶಕ್ಕೆ ಬೇಕಾದದ್ದೇ ಬೇರೆ. ಆ ವ್ಯಕ್ತಿಗೂ ಪೊಲೀಸರಿಗೂ ಸಂಬಂಧವಿಲ್ಲದ ಯಾರಾದರೂ, ಕೂತು ಯೋಚಿಸಿ, ಅವನ ಬಗ್ಗೆ ವಿಸ್ತಾರವಾಗಿ ಬರೆದಿರಬೇಕು. ಲೇಖನಕ್ಕೆ ವಿಕಿಪೀಡಿಯ ಕೇಳುವ "ಗಮನಾರ್ಹತೆ" ಅಂದರೆ ಇಷ್ಟೇ. ಹೆಸರುವಾಸಿ ಆಗಿರುವುದು ಬೇರೆ, ಗಮನಾರ್ಹ ಆಗಿರುವುದು ಬೇರೆ.

ಇಷ್ಟಾದ ಮೇಲೂ ಕೈ ಎತ್ತುವವರು ಇದ್ದೇ ಇರುತ್ತಾರೆ: "ಪೇಪರ್ ಬಿಡಿ ಸರ್, ಎಫ್‌ಐಆರ್ ಕಾಪಿನೇ ಇದೆ, ಚಾರ್ಜ್‌ಶೀಟ್ ಇದೆ." ಅದಂತೂ ಇನ್ನೂ ಬೇಡ. ಎಫ್‌ಐಆರ್ ಒಬ್ಬರ ದೂರು. ಚಾರ್ಜ್‌ಶೀಟ್ ತನಿಖೆ ಮಾಡಿದವರ ವಾದ. ಬದುಕಿರುವವರ ಮೇಲಿನ ಆರೋಪಕ್ಕೆ ಕೋರ್ಟಿನ ಕಡತಗಳನ್ನು ನೇರವಾಗಿ ಆಧಾರ ಕೊಡಬಾರದು ಅಂತ ವಿಕಿಪೀಡಿಯದ ನಿಯಮವೇ ಇದೆ. ಇನ್ನು ರೌಡಿಶೀಟ್. ಅದನ್ನು ತೆರೆಯುವುದು ಪೊಲೀಸರು, ನಿಗಾ ಇಡುವುದಕ್ಕೆ. ಒಂದೇ ಒಂದು ಕೇಸಿನಲ್ಲೂ ಶಿಕ್ಷೆ ಆಗದವರ ಹೆಸರೂ ಅದರಲ್ಲಿರಬಹುದು. ಕೋರ್ಟು ಅಪರಾಧಿ ಅಂತ ಹೇಳುವವರೆಗೆ ನಾವೂ ಹೇಳುವಂತಿಲ್ಲ.

ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಬಂಧನವಾದರೆ ಮೂರು ಕಾಲಂ ಸುದ್ದಿ. ಏಳೆಂಟು ವರ್ಷ ಕಳೆದು ಖುಲಾಸೆಯಾದರೆ ಎಷ್ಟೋ ಸಲ ಒಂದು ಸಾಲೂ ಬರುವುದಿಲ್ಲ. ಪೇಪರಾದರೆ ಮಾರನೇ ದಿನ ಮಂಡಕ್ಕಿ ಪೊಟ್ಟಣವಾಗುತ್ತದೆ. ವಿಕಿಪೀಡಿಯದ ಪುಟ ಹಾಗಲ್ಲ, ಹೆಸರು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತದೆ. ಅವನು ಬಾಡಿಗೆ ಮನೆ ಕೇಳಿದಾಗ, ಮಗಳಿಗೆ ಗಂಡು ನೋಡುವಾಗ ಅದೇ ಪುಟ ತೆರೆದುಕೊಳ್ಳುತ್ತದೆ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಪುಟದಲ್ಲಿ ಯಾರೋ ತಮಾಷೆಗೆಂದು, ಕೆನಡಿ ಸಹೋದರರ ಹತ್ಯೆಯಲ್ಲಿ ಇವರ ಕೈವಾಡದ ಶಂಕೆಯಿತ್ತು ಅಂತ ಸೇರಿಸಿದ್ದರು. ಸುಮಾರು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ. ಬದುಕಿರುವವರ ಬಗ್ಗೆ ಬರೆಯುವ ನಿಯಮ ಬಿಗಿಯಾದದ್ದು ಅದಾದ ಮೇಲೆ. ಸತ್ತ ತಕ್ಷಣ ಏನು ಬೇಕಾದರೂ ಬರೆಯಬಹುದು ಅಂತಲೂ ಇಲ್ಲ. ತೀರಿಕೊಂಡು ಎರಡು ವರ್ಷದವರೆಗೂ ಇದೇ ಎಚ್ಚರ ಬೇಕಾಗಬಹುದು.

"ಹಾಗಾದರೆ ವೀರಪ್ಪನ್‌ಗೆ ಯಾಕೆ ಪುಟ ಇದೆ?" ಇದೂ ಬಂದೇ ಬರುತ್ತದೆ. ಎರಡು ರಾಜ್ಯಗಳ ವಿಶೇಷ ಪಡೆಗಳು ವರ್ಷಗಟ್ಟಲೆ ಕಾಡು ಸುತ್ತಿದವು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ 108 ದಿನ ಇಟ್ಟುಕೊಂಡಾಗ ಎರಡು ಸರ್ಕಾರಗಳೇ ಅಲ್ಲಾಡಿದವು. 2004ರ ಅಕ್ಟೋಬರ್ 18ರಂದು ಅವನು ಸತ್ತ ಮೇಲೂ ಪುಸ್ತಕಗಳು ಬರುತ್ತಲೇ ಇವೆ. ಅವನ ಜೊತೆ ಕಾಡಿನಲ್ಲಿದ್ದ ಪ್ರತಿಯೊಬ್ಬನಿಗೂ ಬೇರೆ ಬೇರೆ ಪುಟ ಬೇಕಿಲ್ಲ, ಒಂದೇ ಘಟನೆಯಿಂದ ಹೆಸರು ಬಂದವರು ಆ ಘಟನೆಯ ಲೇಖನದೊಳಗೇ ಇರಬೇಕು. ಚಿತ್ರದುರ್ಗ ಜಿಲ್ಲೆಯ ಉಮೇಶ್ ರೆಡ್ಡಿಯದೂ ನೋಡಿ. ಬೆಂಗಳೂರಿನಲ್ಲಿ 1998ರಲ್ಲಿ ಮಾಡಿದ ಅತ್ಯಾಚಾರ ಮತ್ತು ಕೊಲೆಗೆ ಮರಣದಂಡನೆಯಾಗಿತ್ತು. ಕಾನೂನು ಮೀರಿ ಒಂಟಿ ಸೆರೆಯಲ್ಲಿಟ್ಟಿದ್ದರು ಎಂಬ ಕಾರಣಕ್ಕೆ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು. ಶಿಕ್ಷೆ ಸಾಬೀತಾಗಿದೆ, ತೀರ್ಪನ್ನು ಕಾನೂನು ಬಲ್ಲವರು ಚರ್ಚಿಸಿದ್ದಾರೆ. ಬರೆಯುವುದಕ್ಕೆ ಅಲ್ಲಿ ವಿಷಯ ಇದೆ.

ಯಾರೂ ಕೇಳದ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಒಬ್ಬ ರೌಡಿಯ ಪುಟಕ್ಕೆ ಇಷ್ಟು ಜಗಳ ಆಡುತ್ತೇವಲ್ಲ, ಇಡೀ ಸಮುದಾಯಗಳನ್ನೇ "ಅಪರಾಧಿ ಬುಡಕಟ್ಟು" ಅಂತ ಬರೆದ ಸಾಲುಗಳು ಲೇಖನಗಳಲ್ಲಿ ಹಾಗೇ ಕೂತಿರುತ್ತವೆ, ಅದಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಬ್ರಿಟಿಷರು 1871ರಲ್ಲಿ ಕಾಯ್ದೆ ತಂದು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡತೊಡಗಿದರು. ಕೊರಚ, ಕೊರಮರಂಥ ಸಮುದಾಯಗಳು ಆ ಹಣೆಪಟ್ಟಿ ಹೊತ್ತವು. 1952ರಲ್ಲಿ ಕಾಯ್ದೆ ರದ್ದಾಗಿ ಅವರು ವಿಮುಕ್ತರಾದರು. ಹಳೇ ಪುಸ್ತಕಗಳು ಮಾತ್ರ ವಿಮುಕ್ತವಾಗಲಿಲ್ಲ. ಅಚ್ಚಾದ ಪುಸ್ತಕ, ಮೇಲೆ ದೊರೆಗಳ ಕಾಲದ್ದು ಅಂತ ನಮ್ಮ ಹುಡುಗರು ನಂಬಿ ಅದನ್ನೇ ಉಲ್ಲೇಖ ಕೊಡುತ್ತಾರೆ. ಆ ಸಾಲು ಬರೆದವನಿಗೂ ಆಧಾರ ಠಾಣೆಯ ಪಟ್ಟಿಯೇ. ಕೆಂಪು ಪೆನ್ನು ಅಲ್ಲಿಗೂ ಹೋಗಬೇಕು.

ಅಂಥ ಒಂದು ಸಾಲನ್ನು ನಾನು ತಿದ್ದಿದ್ದೇನೆ. ಅಳಿಸಲಿಲ್ಲ, "ಬ್ರಿಟಿಷರ ಕಾಲದ ಕಾಯ್ದೆ ಇವರನ್ನು ಹಾಗೆ ಪಟ್ಟಿ ಮಾಡಿತ್ತು, 1952ರಲ್ಲಿ ಅದು ರದ್ದಾಯಿತು" ಅಂತ ಬರೆದೆ. ಯಾರು ಹೇಳಿದ್ದು ಎಂಬುದು ಓದುವವರಿಗೆ ಗೊತ್ತಾಗಬೇಕು. ನಿಮ್ಮೂರಿನ ಅಥವಾ ನಿಮ್ಮ ಸಮುದಾಯದ ಲೇಖನದಲ್ಲಿ ಇಂಥದ್ದು ಕಂಡರೆ ಆ ಲೇಖನದ ಜೊತೆಗೇ ಇರುವ ಚರ್ಚೆ ಪುಟದಲ್ಲಿ ಒಂದು ಮಾತು ಬರೆಯಿರಿ, ನಾನು ನೋಡುತ್ತೇನೆ. ಆ ಬಿ.ಎ. ಹುಡುಗ ಈಗಾಗಲೇ ಮೂರು ಹುಡುಕಿ ಕಳಿಸಿದ್ದಾನೆ.