ಚೌಕಾಬಾರ ಬರೀ ಅದೃಷ್ಟದ ಆಟವೇ?

ಓದುಗರ ಪ್ರಶ್ನೆ: ಚೌಕಾಬಾರದಲ್ಲಿ ಕವಡೆ ಬಿದ್ದಂತೆ ಕಾಯಿ ನಡೆಸುವುದಷ್ಟೇ ಅಲ್ಲವೇ? ಆಡುವವರ ಜಾಣತನಕ್ಕೆ ಅದರಲ್ಲಿ ಜಾಗವಿದೆಯೇ?

ಒಂದೇ ಒಂದು ಆಟದ ಮಟ್ಟಿಗೆ ಹೇಳುವುದಾದರೆ, ಗರ, ಅಂದರೆ ಕವಡೆ ಉರುಳಿಸಿದಾಗ ಬೀಳುವ ಎಣಿಕೆ, ಚೆನ್ನಾಗಿ ಬಿದ್ದವರೇ ಹೆಚ್ಚಾಗಿ ಗೆಲ್ಲುತ್ತಾರೆ. ಆದರೆ ಬೇಸಿಗೆ ರಜೆಯುದ್ದಕ್ಕೂ ಒಂದೇ ಜಗಲಿಯಲ್ಲಿ ಆಡುವ ನಾಲ್ವರನ್ನು ಗಮನಿಸಿದರೆ, ಅವರಲ್ಲಿ ಒಬ್ಬರು, ಸಾಮಾನ್ಯವಾಗಿ ಮನೆಯ ಅಜ್ಜಿ, ಉಳಿದವರಿಗಿಂತ ಹೆಚ್ಚು ಸಲ ಗೆಲ್ಲುವುದು ಕಾಣುತ್ತದೆ. ಹಾವು ಏಣಿ ಆಟದಲ್ಲಿ ಹೀಗಾಗುವುದಿಲ್ಲ, ಏಕೆಂದರೆ ಅಲ್ಲಿ ಆಡುವವರು ಆರಿಸಿಕೊಳ್ಳುವುದಕ್ಕೆ ಏನೂ ಇಲ್ಲ. ಚೌಕಾಬಾರದಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ಕಾಯಿಗಳಿದ್ದು, ಬಿದ್ದ ಗರವನ್ನು ಯಾವ ಕಾಯಿಗೆ ಕೊಡಬೇಕೆಂಬ ತೀರ್ಮಾನ ಆಡುವವರದೇ ಆಗಿರುತ್ತದೆ. ಆ ತೀರ್ಮಾನದ ತೂಕ ತಿಳಿಯಬೇಕಾದರೆ ಮನೆಗಳ ಅಳತೆಯನ್ನೂ ಕವಡೆಯ ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಮಣೆಯಲ್ಲಿ ಐದು ಸಾಲಿನಂತೆ 25 ಮನೆಗಳಿವೆ. ನಾಲ್ಕು ಬದಿಗಳ ನಡುಮನೆಗಳಿಗೆ ಅಡ್ಡಗೆರೆ ಎಳೆದಿರುತ್ತಾರೆ. ಅವೇ ಕಟ್ಟೆಗಳು. ಬೇರೆ ಮನೆಯಲ್ಲಿ ನಿಂತ ಕಾಯಿಯ ಮೇಲೆ ಎದುರಾಳಿಯ ಕಾಯಿ ಬಂದು ನಿಂತರೆ ಅದನ್ನು ಕಡಿದಂತೆ, ಆದರೆ ಕಟ್ಟೆಯಲ್ಲಿ ಕೂತ ಕಾಯಿಯನ್ನು ಕಡಿಯುವಂತಿಲ್ಲ. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತಿನ 16 ಮನೆಗಳನ್ನು ಬಳಸಿ, ಒಳಸುತ್ತಿನ 8 ಮನೆಗಳನ್ನು ಎದುರು ದಿಕ್ಕಿನಲ್ಲಿ ದಾಟಿ, ನಟ್ಟನಡುವಿನ ಮನೆ ಸೇರಿದರೆ ಹಣ್ಣಾಗುತ್ತದೆ. ಅಂದರೆ ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ ಬೇಕು, ಮತ್ತು ಅಷ್ಟರಲ್ಲಿ ಅದು ಮಣೆಯ ಎಲ್ಲ ಮನೆಗಳನ್ನೂ ಒಂದೊಂದು ಸಲ ಮುಟ್ಟಿರುತ್ತದೆ.

ಇನ್ನು ಕವಡೆ. ನಾಲ್ಕು ಕವಡೆಗಳನ್ನು ಉರುಳಿಸಿ, ಅಂಗಾತ ಬಿದ್ದವನ್ನು ಎಣಿಸುತ್ತಾರೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಇವೆರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಗರ ಸಿಗುತ್ತದೆ. ಕವಡೆ ಎರಡೂ ಮಗ್ಗುಲಿಗೆ ಸಮವಾಗಿ ಬೀಳುತ್ತದೆಂದು ಹಿಡಿದರೆ, 16 ಗರಗಳಲ್ಲಿ ಸರಾಸರಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು ಬೀಳುತ್ತವೆ. ಚೌಕ ಒಂದು ಸಲ, ಬಾರ ಒಂದು ಸಲ.

ಆಟದ ಜೀವ ಇರುವುದು ಈ ಎರಡು ಲೆಕ್ಕಗಳು ಕೂಡುವ ಜಾಗದಲ್ಲಿ. ಹೊರಸುತ್ತಿನಲ್ಲಿ ಒಂದು ಕಟ್ಟೆಯಿಂದ ಮುಂದಿನ ಕಟ್ಟೆಗೆ ಸರಿಯಾಗಿ ನಾಲ್ಕು ಹೆಜ್ಜೆ. ಆದ್ದರಿಂದ ಚೌಕ ಬಿದ್ದ ಕಾಯಿ ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತದೆ, ಬಾರ ಬಿದ್ದರೆ ಎರಡು ಕಟ್ಟೆ ಆಚೆಗೆ. ದಿನನಿತ್ಯದ ಗರಗಳಾದ ಒಂದು, ಎರಡು, ಮೂರು ಮಾತ್ರ ಕಟ್ಟೆ ಬಿಟ್ಟ ಕಾಯಿಯನ್ನು ತಪ್ಪದೆ ಬಯಲಿನಲ್ಲೇ ನಿಲ್ಲಿಸುತ್ತವೆ. ಈ ಬಯಲಿನ ಮೂರು ಮನೆಗಳಲ್ಲಿ ನಡುವಿನದು ಮಣೆಯ ಮೂಲೆ. ಹಿಂದಿನ ಕಟ್ಟೆಯಲ್ಲಿ ಎದುರಾಳಿಯ ಕಾಯಿ ಕಾದು ಕೂತಿದ್ದರೆ ಮೂಲೆಯಷ್ಟು ಅಪಾಯದ ಜಾಗ ಇನ್ನೊಂದಿಲ್ಲ, ಏಕೆಂದರೆ ಅಲ್ಲಿಗೆ ಬೇಕಾದ ಎರಡು 16ರಲ್ಲಿ 6 ಸಲ ಬೀಳುತ್ತದೆ. ಅಕ್ಕಪಕ್ಕದ ಮನೆಗಳಿಗೆ ಆ ಲೆಕ್ಕ 16ರಲ್ಲಿ 4 ಮಾತ್ರ. ಆದರೆ ಅದೇ ಮೂಲೆಯಿಂದ ಮುಂದಿನ ಕಟ್ಟೆ ಹತ್ತುವುದಕ್ಕೂ ಎರಡೇ ಬೇಕಾದ್ದರಿಂದ, ಪಾರಾಗುವ ಅವಕಾಶವೂ ಅಲ್ಲಿಂದಲೇ ಹೆಚ್ಚು. ಹಿಂದೆ ಯಾರೂ ಇಲ್ಲದಿದ್ದರೆ ಮೂಲೆಯಲ್ಲಿ ನಿಲ್ಲಿ, ಇದ್ದರೆ ಮೂಲೆ ಬಿಡಿ ಎಂಬ ಬುದ್ಧಿ ಹಳೆಯ ಆಟಗಾರರಿಗೆ ಲೆಕ್ಕ ಹಾಕದೆಯೇ ಕೈಗೆ ಬಂದಿರುತ್ತದೆ.

ಐದು ಹೆಜ್ಜೆ ಹಿಂದಿರುವ ಎದುರಾಳಿಗೆ ಮಾತ್ರ ಹೆದರಬೇಕಿಲ್ಲ. ಅವನಿಗೆ ಚೌಕ ಬಿದ್ದು ಅದರ ಹಿಂದೆಯೇ ಒಂದು ಬೀಳಬೇಕು. ಅದು ಸುಮಾರು 64ರಲ್ಲಿ ಒಂದು ಸಲದ ಮಾತು. ಲೂಡೋದಲ್ಲಿ ಈ ಸೂಕ್ಷ್ಮವಿಲ್ಲ. ನಮ್ಮ ಪಚ್ಚೀಸಿಯನ್ನು ಸರಳಗೊಳಿಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆ ಆಟ ಕವಡೆಯ ಬದಲು ಒಂದೇ ದಾಳವನ್ನು ತಂದಿತು. ದಾಳದ ಆರು ಮುಖಗಳೂ ಸಮಾನವಾದ್ದರಿಂದ ಒಂದು ಹೆಜ್ಜೆ ದೂರದ ಶತ್ರುವೂ ಐದು ಹೆಜ್ಜೆ ದೂರದವನೂ ಹೆಚ್ಚುಕಡಿಮೆ ಒಂದೇ ಅಪಾಯ. ಪ್ಲಾಸ್ಟಿಕ್ ದಾಳ ಅಗ್ಗವಾಗಿರಬಹುದು, ಆದರೆ ಕವಡೆಯೊಂದಿಗೆ ಹೋದದ್ದು ಬರೀ ಸದ್ದಲ್ಲ.

ಯಾವ ಕಾಯಿಯನ್ನು ಬಯಲಿಗೆ ಬಿಡಬೇಕೆಂಬುದು ಮುಂದಿನ ವಿಷಯ. ಕಡಿಸಿಕೊಂಡ ಕಾಯಿ ಮೊದಲಿನಿಂದ ಹೊರಡಬೇಕು. ಎರಡು ಹೆಜ್ಜೆ ನಡೆದದ್ದು ಸತ್ತರೆ ಎರಡೇ ಹೆಜ್ಜೆಯ ನಷ್ಟ, ಒಳಸುತ್ತಿನ ಕೊನೆಯಲ್ಲಿ ಸತ್ತರೆ 23 ಹೆಜ್ಜೆಯದು. ಆದುದರಿಂದ ಎಳೆಯ ಕಾಯಿಯನ್ನು ಮುಂದೆ ಬಿಟ್ಟು ಬಲಿತದ್ದನ್ನು ಕಟ್ಟೆಯಲ್ಲಿ ಕೂರಿಸುವುದು ಲೇಸು. ಹಾಗೆಂದು ಕಟ್ಟೆಯಲ್ಲೇ ಕೂತರೆ ಆಟ ಸಾಗದು, ಏಕೆಂದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದ ಹೊರತು ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮ ಬಹಳ ಮನೆಗಳಲ್ಲಿ ಉಂಟು. ಆ ನಿಯಮವನ್ನು ಕೈಬಿಟ್ಟು ಆಡಿದವರಿಗೆ ಚೌಕಾಬಾರ ಓಟದ ಪಂದ್ಯದಂತೆ ತೋರಿದರೆ ತಪ್ಪು ಆಟದ್ದಲ್ಲ.

ಕೊನೆಯ ಹಂತದಲ್ಲಿ ನಟ್ಟನಡುವಿನ ಮನೆಗೆ ಸರಿಯಾದ ಗರವೇ ಬೀಳಬೇಕು. ಉಳಿದ ಕಾಯಿಗಳನ್ನೆಲ್ಲ ಹಣ್ಣಿಗೆ ಒಂದೇ ಹೆಜ್ಜೆ ದೂರದಲ್ಲಿ ತಂದು ನಿಲ್ಲಿಸಿದವರು ಒಂದು ಬೀಳಲಿ ಎಂದು ಕಾಯುತ್ತಾ ಎರಡು, ಮೂರುಗಳನ್ನೆಲ್ಲ ವ್ಯರ್ಥ ಮಾಡುತ್ತಾರೆ. ಒಂದು, ಎರಡು, ಮೂರು ಹೆಜ್ಜೆಗಳ ದೂರದಲ್ಲಿ ಬೇರೆ ಬೇರೆಯಾಗಿ ನಿಲ್ಲಿಸಿದವರಿಗೆ ಬಿದ್ದದ್ದೆಲ್ಲ ಉಪಯೋಗಕ್ಕೆ ಬರುತ್ತದೆ. ಹೊಸಬರು ಅತಿ ಹೆಚ್ಚು ಸೋಲುವುದು ಇಲ್ಲಿಯೇ, ಮತ್ತು ಅದನ್ನು ಅವರು ಅದೃಷ್ಟವೆಂದೇ ತಿಳಿಯುತ್ತಾರೆ.

ಕವಡೆ ಸಮವಾಗಿ ಬೀಳುತ್ತದೆಂದು ಮೇಲೆ ಹಿಡಿದದ್ದು ಲೆಕ್ಕದ ಅನುಕೂಲಕ್ಕೆ. ನಿಜವಾದ ಕವಡೆಗೆ ಒಂದು ಮಗ್ಗುಲಿನ ಒಲವು ಇರಬಹುದು. ಒಡೆದು ತೇದ ಹುಣಸೆ ಬೀಜಕ್ಕೂ ಅಷ್ಟೇ. ಪ್ರತಿ ಕವಡೆಯೂ 100ರಲ್ಲಿ 60 ಸಲ ಬೋರಲಾಗಿ ಬೀಳುವಂಥದ್ದಾದರೆ, ಬಾರ ಬೀಳುವ ಸಂಭವ ಶೇಕಡಾ 6ರಿಂದ ಸುಮಾರು 13ಕ್ಕೆ ಏರುತ್ತದೆ, ಚೌಕದ್ದು 3ಕ್ಕಿಂತ ಕೆಳಗಿಳಿಯುತ್ತದೆ. ಹೀಗಾಗಿ ಎದುರಾಳಿ ಮನೆಯಿಂದ ತನ್ನದೇ ಕವಡೆ ಕಟ್ಟಿಕೊಂಡು ಬಂದಿದ್ದರೆ, ಆಟಕ್ಕೆ ಕೂರುವ ಮೊದಲು ಅವನ್ನು ಕೈಗೆ ತೆಗೆದುಕೊಂಡು ಒಂದೈವತ್ತು ಸಲ ಉರುಳಿಸಿ ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ.