ಪದ ಪರಿಚಯ: ಪರ್ಮಾಕಲ್ಚರ್

‘ಪರ್ಮಾಕಲ್ಚರ್ ಅಂದ್ರೆ ಸಾವಯವ ಕೃಷಿನೇ ಅಲ್ವಾ?’ ಎಂದು ತುಂಬಾ ಜನ ಕೇಳುತ್ತಾರೆ. ಅಲ್ಲ. ಹೊಲಕ್ಕೆ ಏನು ಹಾಕಬೇಕು, ಏನು ಹಾಕಬಾರದು ಎಂಬುದು ಸಾವಯವ ಕೃಷಿಯ ಮುಖ್ಯ ಪ್ರಶ್ನೆ. ಪರ್ಮಾಕಲ್ಚರ್ ಕೇಳುವ ಪ್ರಶ್ನೆ ಬೇರೆ: ಯಾವುದು ಎಲ್ಲಿರಬೇಕು? ಬಾವಿ ಎಲ್ಲಿ, ಕೊಟ್ಟಿಗೆ ಎಲ್ಲಿ, ಮನೆಯ ಕಿಟಕಿ ಯಾವ ದಿಕ್ಕಿಗೆ, ಬಚ್ಚಲ ನೀರು ಹರಿದು ಯಾವ ಗಿಡದ ಬುಡ ಸೇರಬೇಕು? ಮನೆ, ತೋಟ, ನೀರು, ದನ, ಮರ ಎಲ್ಲವನ್ನೂ ಒಂದೇ ನಕ್ಷೆಯಲ್ಲಿಟ್ಟು, ಒಂದರ ಕಸ ಇನ್ನೊಂದರ ಗೊಬ್ಬರವಾಗುವಂತೆ ಹೊಂದಿಸುವ ವಿನ್ಯಾಸಕ್ಕೆ ಈ ಹೆಸರು.

ಪದ ಹುಟ್ಟಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ. 1974ರಲ್ಲಿ ಬಿಲ್ ಮಾಲಿಸನ್ ಎಂಬ ಮೇಷ್ಟರಿಗೂ ಡೇವಿಡ್ ಹೋಮ್‌ಗ್ರೆನ್ ಎಂಬ ವಿದ್ಯಾರ್ಥಿಗೂ ಹೋಬಾರ್ಟ್ ಊರಿನಲ್ಲಿ ಪರಿಚಯವಾಯಿತು. ಇಬ್ಬರೂ ಸೇರಿ ಬರೆದ ಪುಸ್ತಕ 1978ರಲ್ಲಿ ಬಂತು. ‘ಪರ್ಮನೆಂಟ್’ ಮತ್ತು ‘ಅಗ್ರಿಕಲ್ಚರ್’ ಸೇರಿಸಿ ‘ಪರ್ಮಾಕಲ್ಚರ್’ ಮಾಡಿದ್ದು ಅವರೇ. ಆಮೇಲೆ ‘ಬೇಸಾಯ ಒಂದೇ ಅಲ್ಲ, ಬದುಕುವ ರೀತಿಯೇ ಬಾಳಿಕೆ ಬರಬೇಕು’ ಎಂಬ ಅರ್ಥವೂ ಅದಕ್ಕೆ ಕೂಡಿಕೊಂಡಿತು.

ಆದರೆ ‘ಪರ್ಮನೆಂಟ್ ಅಗ್ರಿಕಲ್ಚರ್’ ಎಂಬ ಮಾತು ಇನ್ನೂ ಹಳೆಯದು. ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್ 1909ರಲ್ಲಿ ಚೀನಾ, ಕೊರಿಯಾ, ಜಪಾನ್ ಸುತ್ತಿದರು. ಶತಮಾನಗಳಿಂದ ಉಳುತ್ತಿರುವ ನೆಲ ಇನ್ನೂ ಹೇಗೆ ಫಲ ಕೊಡುತ್ತಿದೆ ಎಂದು ಅಲ್ಲಿನ ರೈತರನ್ನು ನೋಡಿ ಕಲಿಯಲು ಹೋಗಿದ್ದರು. 1911ರಲ್ಲಿ ಅಚ್ಚಾದ ಅವರ ಪುಸ್ತಕದ ಉಪಶೀರ್ಷಿಕೆಯಲ್ಲೇ ಈ ಮಾತಿದೆ. ಬೇರೆಯವರ ನೆಲಕ್ಕೆ ಹೋಗಿ, ಕಣ್ಣಾರೆ ನೋಡಿ ಕಲಿಯುವುದು ಈ ಪದದ ಬೇರಿನಲ್ಲೇ ಇದೆ. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಪದ ‘ರೀಜನರೇಟಿವ್’ ಕೃಷಿ, ಕನ್ನಡದಲ್ಲಿ ಪುನರುಜ್ಜೀವನ ಕೃಷಿ. ಮಣ್ಣು ಇದ್ದ ಹಾಗೇ ಉಳಿದರೆ ಸಾಲದು, ವರ್ಷದಿಂದ ವರ್ಷಕ್ಕೆ ಇನ್ನಷ್ಟು ಫಲವತ್ತಾಗಬೇಕು ಎಂಬುದು ಅದರ ಗುರಿ. ಆ ಗುರಿ ಮುಟ್ಟಲು ಹಾಕುವ ನಕ್ಷೆಗಳಲ್ಲಿ ಪರ್ಮಾಕಲ್ಚರ್ ಒಂದು.

ನಕ್ಷೆಯ ಮೊದಲ ಪಾಠ ‘ವಲಯ’. ಮನೆ ಸೊನ್ನೆ. ದಿನಕ್ಕೆ ನಾಲ್ಕು ಸಲ ಹೋಗುವ ಜಾಗ ಒಂದನೇ ವಲಯ. ಹೋಗಿಬರುವುದು ಕಡಿಮೆಯಾದಂತೆ ಎರಡು, ಮೂರು, ನಾಲ್ಕು. ಮನುಷ್ಯ ಕೈಹಾಕದೆ ಬಿಟ್ಟ ಕಾಡು ಐದು. ಇದನ್ನು ಓದುವಾಗ ಉತ್ತರ ಕನ್ನಡದ ಹಳೆಯ ಮನೆಗಳು ನೆನಪಾಗುತ್ತವೆ. ಅಡುಗೆಮನೆ ಬಾಗಿಲು ದಾಟಿದರೆ ಹಿತ್ತಲು, ಅಲ್ಲಿ ಕರಿಬೇವು, ಬಸಳೆ ಚಪ್ಪರ, ಬಚ್ಚಲ ನೀರು ಕುಡಿಯುವ ಬಾಳೆ. ಆಚೆಗೆ ಅಡಿಕೆ ತೋಟ, ಗದ್ದೆ. ಅದರಾಚೆ ಸೊಪ್ಪಿನ ಬೆಟ್ಟ. ಕೊನೆಗೆ ಯಾರೂ ಕೊಡಲಿ ಹಾಕದ ದೇವರಕಾಡು. ವಲಯ ಎಂಬ ಹೆಸರಿಲ್ಲ ಅಷ್ಟೇ, ಕ್ರಮ ಹೆಚ್ಚುಕಡಿಮೆ ಅದೇ.

ಇದನ್ನು ಕಲಿಸುವ ಕೋರ್ಸಿಗೆ ‘ಪರ್ಮಾಕಲ್ಚರ್ ಡಿಸೈನ್ ಕೋರ್ಸ್’ ಎನ್ನುತ್ತಾರೆ, ಚಿಕ್ಕದಾಗಿ ಪಿಡಿಸಿ. ಜಗತ್ತಿನ ಯಾವ ಮೂಲೆಯಲ್ಲಿ ಮಾಡಿದರೂ ಸಾಮಾನ್ಯವಾಗಿ 72 ಗಂಟೆಯ ಪಾಠ, ಹೆಚ್ಚಾಗಿ ಎರಡು ವಾರ ಅಲ್ಲೇ ಉಳಿದು ಕಲಿಯುವುದು. ಕೊನೆಗೆ ನಾಲ್ಕೈದು ಜನರ ಗುಂಪು ಒಂದು ನಿಜವಾದ ಜಾಗವನ್ನು ಅಳೆದು, ನಕ್ಷೆ ಬರೆದು, ಎಲ್ಲರ ಮುಂದೆ ವಿವರಿಸಬೇಕು. ಇದು ವಿಶ್ವವಿದ್ಯಾಲಯದ ಪದವಿಯಲ್ಲ, ಒಂದು ಸರ್ಟಿಫಿಕೇಟ್ ಮಾತ್ರ. ಕೆಲಸ ಸಿಗುತ್ತದೆ ಎಂದು ಸಾಲ ಮಾಡಿ ಹೋಗಬೇಡಿ.

ಕೈಕೆಲಸದ ಪಾಠಗಳಲ್ಲಿ ನನಗೆ ಅಚ್ಚುಮೆಚ್ಚಿನದು ‘ಎ-ಫ್ರೇಮ್’. ಒಂದೇ ಉದ್ದದ ಎರಡು ಗಳುಗಳ ತುದಿ ಸೇರಿಸಿ ಕಟ್ಟಬೇಕು. ನಡುವೆ ಅಡ್ಡ ಒಂದು ಕೋಲು. ತುದಿಯಿಂದ ದಾರ ಇಳಿಬಿಟ್ಟು ಅದಕ್ಕೊಂದು ಕಲ್ಲು. ನೆಲದ ಮೇಲೆ ನಿಲ್ಲಿಸಿ, ದಾರ ಅಡ್ಡಕೋಲನ್ನು ಮುಟ್ಟುವಲ್ಲಿ ಗುರುತು ಹಾಕಿ. ಎರಡು ಕಾಲುಗಳ ಜಾಗ ಅದಲು ಬದಲು ಮಾಡಿ ಇನ್ನೊಂದು ಗುರುತು. ಎರಡರ ನಟ್ಟನಡುವೆ ಮೂರನೆಯ ಗುರುತು ಹಾಕಿದರೆ ಅದೇ ಮಟ್ಟ. ರಸಮಟ್ಟವೂ ಬೇಡ, ಬ್ಯಾಟರಿಯೂ ಬೇಡ. ಇನ್ನು ಇಳಿಜಾರಿನಲ್ಲಿ ಅದನ್ನು ಹೆಜ್ಜೆ ಹಾಕಿಸುತ್ತಾ, ದಾರ ನಡು ಗುರುತಿಗೆ ಬಂದಲ್ಲೆಲ್ಲಾ ಒಂದೊಂದು ಗೂಟ ಹೊಡೆಯಬೇಕು. ಸ್ವಲ್ಪ ಹೊತ್ತಿಗೆ ಗೂಟಗಳ ಸಾಲು ಗುಡ್ಡವನ್ನು ಬಳಸಿ ಹಾವಿನಂತೆ ಡೊಂಕಾಗಿ ಹೋಗಿರುತ್ತದೆ. ನೇರವಾಗಿದೆ ಎಂದುಕೊಂಡಿದ್ದ ನೆಲ ನೇರವಾಗಿಲ್ಲ! ಹತ್ತು ವರ್ಷ ಓಡಾಡಿದ ಜಾಗದ ಆಕಾರವೂ ಆವತ್ತೇ ಮೊದಲು ಕಾಣುತ್ತದೆ.

ಆ ಸಾಲಿಗೆ ಕಾಲುವೆ ತೋಡಿ, ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಏರಿಯಾಗಿ ಹಾಕಿದರೆ ಅದು ‘ಸ್ವೇಲ್’. ಅದರ ತಳ ಮಟ್ಟಸ ಇರುವುದರಿಂದ ನೀರು ಹರಿಯುವುದಿಲ್ಲ, ನಿಂತು ಇಂಗುತ್ತದೆ. ಏರಿಯ ಮೇಲೆ ಮರ ನೆಡುತ್ತಾರೆ. ನಮ್ಮ ಜಲಾನಯನ ಯೋಜನೆಗಳ ಸಮಪಾತಳಿ ಬದುವಿಗೆ ಇದು ಹತ್ತಿರದ ನೆಂಟ.

ಮನೆ ಕಟ್ಟುವ ಪಾಠಕ್ಕೆ ಒಳ್ಳೆಯ ಉದಾಹರಣೆ ಹೋಮ್‌ಗ್ರೆನ್ ಅವರದೇ ‘ಮೆಲಿಯೋಡೋರಾ’. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹೆಪ್‌ಬರ್ನ್ ಸ್ಪ್ರಿಂಗ್ಸ್ ಊರಿನಲ್ಲಿದೆ. ಮುಳ್ಳಿನ ಬ್ಲ್ಯಾಕ್‌ಬೆರಿ ಪೊದೆ ತುಂಬಿದ್ದ ಸುಮಾರು ಒಂದು ಹೆಕ್ಟೇರ್ ಜಾಗದಲ್ಲಿ ಅವರೂ ಸಂಗಾತಿ ಸೂ ಡೆನೆಟ್ ಅವರೂ 1985ರಿಂದ ತೋಟ ಬೆಳೆಸಿದ್ದಾರೆ. ಮನೆಗೆ ಮಣ್ಣಿನ ಇಟ್ಟಿಗೆ. ದೊಡ್ಡ ಗಾಜಿನ ಕಿಟಕಿಗಳು ಉತ್ತರಕ್ಕೆ. ಯಾಕೆ ಉತ್ತರ? ಭೂಮಿಯ ದಕ್ಷಿಣ ಅರ್ಧದಲ್ಲಿ ಚಳಿಗಾಲದ ಸೂರ್ಯ ಉತ್ತರದ ಆಕಾಶದಲ್ಲಿ ತಗ್ಗಿನಲ್ಲಿ ಸಾಗುತ್ತಾನೆ. ಬಿಸಿಲು ಒಳಗೆ ಬಂದು ಗೋಡೆ, ನೆಲ ಕಾಯುತ್ತವೆ. ರಾತ್ರಿ ಆ ಕಾವು ನಿಧಾನವಾಗಿ ಹೊರಬರುತ್ತದೆ.

ಇದನ್ನೇ ನೋಡಿಕೊಂಡು ಬಂದು ವಿಜಯಪುರದಲ್ಲಿ ದೊಡ್ಡ ಗಾಜಿನ ಕಿಟಕಿ ಇಟ್ಟರೆ ಏಪ್ರಿಲ್‌ನಲ್ಲಿ ಮನೆಯೊಳಗೆ ಕೂರಲು ಆಗುವುದಿಲ್ಲ. ಅಲ್ಲಿ ಬೇಕಾದದ್ದು ಬಿಸಿಲನ್ನು ಹೊರಗಿಡುವ ದಪ್ಪ ಗೋಡೆ, ಚಿಕ್ಕ ಕಿಟಕಿ, ಪಡುವಣ ಗೋಡೆಗೆ ಮರದ ನೆರಳು. ಸ್ವೇಲ್ ಕೂಡ ಹಾಗೇ. ಕೆಂಪು ಮಣ್ಣಿನ ಸಣ್ಣ ಇಳಿಜಾರಿಗೆ ಚೆನ್ನಾಗಿ ಹೊಂದುತ್ತದೆ. ಎರೆಹೊಲದಲ್ಲಿ ನೀರು ಬೇಗ ಇಂಗದೆ ಬೇರು ಕೊಳೆಯಬಹುದು. ಮಲೆನಾಡಿನ ಕಡಿದಾದ ಗುಡ್ಡದಲ್ಲಂತೂ ಬೇಡವೇ ಬೇಡ. ಮಳೆ ಕುಡಿದು ಭಾರವಾದ ಮಣ್ಣು ಜಾರುವ ಅಪಾಯವಿದೆ. ವಿದೇಶದಲ್ಲಿ ಕಲಿತು ಬಂದವರು ಜಾಸ್ತಿ ಎಡವುವುದು ಇಲ್ಲೇ. ತಂತ್ರ ಹೊತ್ತು ತರುತ್ತಾರೆ, ಅದು ಯಾಕೆ ಅಲ್ಲಿತ್ತು ಎಂಬ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ಗೋಡೆಗೆ ಮಣ್ಣು ಕಲಸುವಾಗಲೂ ಅಲ್ಲಿಯ ಅಳತೆ ಬರೆದುಕೊಳ್ಳುವುದಕ್ಕಿಂತ ಪರೀಕ್ಷೆ ಕಲಿಯಿರಿ. ಗಾಜಿನ ಬಾಟಲಿಗೆ ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ ಮೊದಲು ಮರಳು ಕೂರುತ್ತದೆ, ಆಮೇಲೆ ಗೋಡು, ಕೊನೆಗೆ ಜೇಡಿ. ಈ ಪದರಗಳನ್ನು ಓದಲು ಬಂದರೆ ಯಾವ ಊರಿನ ಮಣ್ಣನ್ನಾದರೂ ಅರ್ಥ ಮಾಡಿಕೊಳ್ಳಬಹುದು.

ಈ ಪದ ನಮ್ಮ ನೆರೆಗೆ ಬಂದೂ ತುಂಬಾ ವರ್ಷವಾಯಿತು. ಮಾಲಿಸನ್ 1987ರಲ್ಲಿ ಭಾರತಕ್ಕೆ ಬಂದು ಪಾಠ ಮಾಡಿದರು. ಮುಂದೆ ಬೀದರ್‌ಗೆ ಹತ್ತಿರದ, ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಜಾಗದಲ್ಲಿ ಪರ್ಮಾಕಲ್ಚರ್ ತೋಟ ಬೆಳೆಯಿತು. 2017ರಲ್ಲಿ ಈ ವಿಷಯದ ಅಂತರರಾಷ್ಟ್ರೀಯ ಸಮಾವೇಶ ಹೈದರಾಬಾದ್‌ನಲ್ಲೇ ನಡೆಯಿತು. ಹಾಗಾಗಿ ವಿದೇಶಕ್ಕೇ ಹೋಗಬೇಕೆಂದಿಲ್ಲ. ಹೋಗುವುದಾದರೆ, ಪಾಠ ಹೇಳುವವರ ಸ್ವಂತ ತೋಟಕ್ಕೆ ಎಷ್ಟು ವಯಸ್ಸಾಗಿದೆ ಎಂದು ಮೊದಲು ಕೇಳಿ. ಹತ್ತು ಹದಿನೈದು ವರ್ಷ ದಾಟಿದ ಜಾಗವಾದರೆ ಗೆದ್ದದ್ದೂ ಕಾಣುತ್ತದೆ, ಸೋತದ್ದೂ ಕಾಣುತ್ತದೆ. ಕೋರ್ಸು, ಹೊಲದ ಕೆಲಸ ಎರಡನ್ನೂ ನಿಮ್ಮ ವೀಸಾ ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ. ಆಸ್ಟ್ರೇಲಿಯಾಕ್ಕಾದರೆ ಶೂಗಳನ್ನು ಮಣ್ಣಿನ ಕಣವೂ ಇಲ್ಲದಂತೆ ತೊಳೆದು ಒಯ್ಯಿರಿ, ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಅದನ್ನೂ ನೋಡುತ್ತಾರೆ.