ಹೊಲಿಯುವ ಮುಂಚೆ ನೆಲಕ್ಕೆ ಹಾಸಿ ನೋಡಿ

ಪ್ಯಾಚ್‌ವರ್ಕ್, ಅಂದರೆ ಬಟ್ಟೆ ತುಂಡು ಜೋಡಿಸಿ ಹೊದಿಕೆ ಹೊಲಿಯುವುದನ್ನು ಕಲಿಯಲು ನನ್ನ ಹತ್ತಿರ ಬರುವವರು ಬ್ಲಾಕನ್ನು (ತುಂಡುಗಳಿಂದಾದ ಒಂದೊಂದು ಚೌಕವನ್ನು) ಚೆನ್ನಾಗೇ ಹೊಲಿಯುತ್ತಾರೆ. ಎಡವುವುದು ಆಮೇಲೆ. ನಲವತ್ತು ಬ್ಲಾಕ್ ಮುಗಿಯಿತು ಅಂದ ತಕ್ಷಣ ಒಂದರ ಪಕ್ಕ ಒಂದು ಇಟ್ಟು ಹೊಲಿದೇ ಬಿಡುತ್ತಾರೆ, ಕೊನೆಗೆ ಹಾಸಿ ನೋಡಿದರೆ ಬಚ್ಚಲುಮನೆಯ ಟೈಲ್ಸ್ ಥರ ಕಾಣುತ್ತದೆ. ‘ಮೇಡಂ, ಬಟ್ಟೆ ಆರಿಸಿದ್ದೇ ಸರಿಯಿಲ್ಲ ಅನ್ಸುತ್ತೆ’ ಅನ್ನುತ್ತಾರೆ. ಬಟ್ಟೆಯದ್ದೇನೂ ತಪ್ಪಿರುವುದಿಲ್ಲ. ಬ್ಲಾಕನ್ನು ತಿರುಗಿಸಿ ನೋಡಿರುವುದಿಲ್ಲ, ಅಷ್ಟೇ.

ಇದನ್ನು ಹೇಳಿಕೊಡಲು ನಾನು ಯಾವಾಗಲೂ ‘ಲಾಗ್ ಕ್ಯಾಬಿನ್’ ಬ್ಲಾಕನ್ನೇ ಹಿಡಿಯುತ್ತೇನೆ. ಅಮೆರಿಕದ ಬ್ಲಾಕ್ ಇದು, 1860ರ ದಶಕದಿಂದ ಅಲ್ಲಿ ಮನೆಮಾತು. ನಡುವೆ ಒಂದು ಚೌಕ, ಅದರ ಸುತ್ತ ಮರದ ದಿಮ್ಮಿ ಜೋಡಿಸಿದ ಹಾಗೆ ಪಟ್ಟಿಗಳು. ನಡುವಿನ ಚೌಕಕ್ಕೆ ಸಾಮಾನ್ಯವಾಗಿ ಕೆಂಪು ಬಟ್ಟೆ ಹಾಕುತ್ತಾರೆ, ಅದು ಮನೆಯ ಒಲೆ ಅನ್ನುವ ಮಾತಿದೆ. ಪಟ್ಟಿಗಳಲ್ಲಿ ಅಕ್ಕಪಕ್ಕದ ಎರಡು ಬದಿ ತಿಳಿ ಬಣ್ಣ, ಉಳಿದೆರಡು ಬದಿ ಗಾಢ. ಹಾಗಾಗಿ ಇಡೀ ಬ್ಲಾಕ್ ಮೂಲೆಯಿಂದ ಮೂಲೆಗೆ ಸೀಳಿದ ಹಾಗೆ ಅರ್ಧ ಬೆಳಕು, ಅರ್ಧ ನೆರಳು. ಆಟ ಇರುವುದೇ ಇಲ್ಲಿ.

ನಾಲ್ಕು ಬ್ಲಾಕ್ ತೆಗೆದುಕೊಳ್ಳಿ. ಒಂದೊಂದನ್ನೂ ನಾಲ್ಕು ಥರ ತಿರುಗಿಸಿ ಇಡಬಹುದು. ಎರಡರ ಪಕ್ಕ ಎರಡು ಇಟ್ಟರೆ ಒಟ್ಟು 256 ಜೋಡಣೆ ಆಗುತ್ತದೆ. ಎಲ್ಲವೂ ನೋಡುವ ಹಾಗಿರುವುದಿಲ್ಲ ಬಿಡಿ. ಆದರೆ ನಾಲ್ಕರ ಗಾಢ ಭಾಗವೂ ನಡುವಿಗೆ ಬರುವ ಹಾಗಿಟ್ಟರೆ ಮಧ್ಯದಲ್ಲಿ ಕಪ್ಪು ವಜ್ರದಾಕಾರ ಎದ್ದು ನಿಲ್ಲುತ್ತದೆ. ಅದನ್ನೇ ಅಡ್ಡಕ್ಕೂ ಉದ್ದಕ್ಕೂ ಮುಂದುವರಿಸಿದರೆ ನಾಲ್ಕು ಕಪ್ಪು ವಜ್ರಗಳ ನಡುವೆ ತಾನಾಗಿಯೇ ಒಂದು ಬಿಳಿ ವಜ್ರ ಮೂಡುತ್ತದೆ, ಅದನ್ನು ಯಾರೂ ಹೊಲಿದಿರುವುದಿಲ್ಲ! ಇದಕ್ಕೆ ಅಮೆರಿಕದವರು ‘ಬಿಸಿಲು ನೆರಳು’ ಅನ್ನುವ ಅರ್ಥದ ಹೆಸರಿಟ್ಟಿದ್ದಾರೆ. ಒಂದು ಬ್ಲಾಕ್ ನೆಟ್ಟಗೆ, ಪಕ್ಕದ್ದು ತಲೆಕೆಳಗೆ, ಹೀಗೆ ಚದುರಂಗದ ಮನೆಯ ಥರ ಇಡುತ್ತಾ ಹೋದರೆ ಓರೆ ಪಟ್ಟೆಗಳು ಬರುತ್ತವೆ. ಅದು ‘ಸ್ಟ್ರೇಟ್ ಫರೋ’, ಅಂದರೆ ನಮ್ಮ ನೇಗಿಲ ಸಾಲೇ. ಆ ಸಾಲುಗಳನ್ನು ನಾಲ್ಕು ದಿಕ್ಕಿನಿಂದ ಮಧ್ಯಕ್ಕೆ ತಂದು ಸುತ್ತಿಸಿದರೆ ಒಂದರೊಳಗೊಂದು ವಜ್ರಗಳ ‘ಬಾರ್ನ್ ರೈಸಿಂಗ್’. ಊರವರೆಲ್ಲ ಸೇರಿ ಒಬ್ಬನ ಕೊಟ್ಟಿಗೆ ಎಬ್ಬಿಸುತ್ತಿದ್ದರಲ್ಲ, ಆ ಹೆಸರು. ನನಗೆ ಎಲ್ಲಕ್ಕಿಂತ ಇಷ್ಟ ಇದು.

ಇದರಲ್ಲೇ ನಾನು ಕೈ ಸುಟ್ಟುಕೊಂಡಿದ್ದೂ ಇದೆ. ಹೊಸದರಲ್ಲಿ ಏಳು ಸಾಲು, ಸಾಲಿಗೆ ಏಳು ಬ್ಲಾಕ್ ಹೊಲಿದು ಕೂತಿದ್ದೆ. ಬಾರ್ನ್ ರೈಸಿಂಗ್‌ಗೆ ಮಧ್ಯದಲ್ಲಿ ನಾಲ್ಕು ಬ್ಲಾಕಿನ ಮೂಲೆ ಸೇರಬೇಕು, ನನಗೆ ಮಧ್ಯದಲ್ಲಿ ಒಂಟಿ ಬ್ಲಾಕ್ ಕೂತಿತ್ತು. ಎಷ್ಟು ತಿರುಗಿಸಿದರೂ ವಜ್ರ ಮುಚ್ಚಲೇ ಇಲ್ಲ. ಅಡ್ಡ ಉದ್ದ ಎರಡೂ ಸರಿಸಂಖ್ಯೆ ಇರಲೇಬೇಕು. ನೇಗಿಲ ಸಾಲಿಗೆ ಆ ಕಟ್ಟುಪಾಡಿಲ್ಲ, ಎಷ್ಟಿದ್ದರೂ ನಡೆಯುತ್ತದೆ, ಕೊನೆಗೆ ಆ ಏಳೇಳು ಅದೇ ಆಯಿತು.

ಅಳತೆ ಹೇಳಿಬಿಡುತ್ತೇನೆ. ನಡುವಿನ ಚೌಕ 2 ಇಂಚು, ಸುತ್ತ ಒಂದೊಂದು ಇಂಚಿನ ಪಟ್ಟಿ ಐದು ಸುತ್ತು, ಒಟ್ಟು 12 ಇಂಚಿನ ಬ್ಲಾಕ್. ಹೊಲಿಗೆಗೆ ಪ್ರತಿ ಅಂಚಿಗೂ ಕಾಲಿಂಚು ಬಿಡಬೇಕು, ಹಾಗಾಗಿ ಚೌಕವನ್ನು 2½, ಪಟ್ಟಿಯನ್ನು 1½ ಇಂಚಿಗೆ ಕತ್ತರಿಸಿ. ಈಗ ಎಣಿಸಿ, ಬ್ಲಾಕಿನ ಅಗಲಕ್ಕೆ ಹತ್ತು ಹೊಲಿಗೆ ಬರುತ್ತವೆ. ಒಂದೊಂದು ಹೊಲಿಗೆಯೂ ಬಟ್ಟೆಯಿಂದ ಬರೀ ಹದಿನಾರನೇ ಒಂದು ಇಂಚು ಜಾಸ್ತಿ ನುಂಗಿದರೂ ಬ್ಲಾಕ್ ಅರ್ಧ ಇಂಚಿಗಿಂತ ಹೆಚ್ಚೇ ಕುಗ್ಗುತ್ತದೆ, ಎಂಟು ಬ್ಲಾಕಿನ ಸಾಲಿಗೆ 5 ಇಂಚು ಹೋಯಿತು. ಮಂಚದ ಮೇಲೆ ಹಾಸಿದಾಗಲೇ ಗೊತ್ತಾಗುವುದು. ಅದಕ್ಕೇ ಮೊದಲ ಬ್ಲಾಕ್ ಹೊಲಿದು, ಇಸ್ತ್ರಿ ಮಾಡಿ, ಅಳೆದು, ಆಮೇಲೆ ಉಳಿದ ಬಟ್ಟೆಗೆ ಕತ್ತರಿ ಹಾಕಿ.

ಬಟ್ಟೆಯಲ್ಲಿ ಬಣ್ಣಕ್ಕಿಂತ ಗಾಢತೆ ಮುಖ್ಯ. ಅಂಗಡಿಯಲ್ಲಿ ಕೆಂಪು ಹಸಿರು ಎರಡೂ ಬೇರೆ ಬೇರೆ ಅನ್ನಿಸುತ್ತವೆ, ಆದರೆ ಎರಡೂ ಒಂದೇ ಗಾಢ ಇದ್ದರೆ ದೂರದಿಂದ ಬೆಳಕು ನೆರಳಿನ ಆಟ ಕರಗಿಹೋಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಎರಡೂ ಒಂದೇ ಬೂದಿ ಬಣ್ಣಕ್ಕೆ ತಿರುಗಿದವಾ? ಒಂದನ್ನು ತೆಗೆದಿಡಿ, ಎಷ್ಟೇ ಮುದ್ದಾಗಿರಲಿ.

ಬ್ಲಾಕುಗಳ ಮಧ್ಯೆ ಪಟ್ಟಿ ಕೊಡಬಹುದಾ ಅಂತ ಕೇಳುತ್ತಾರೆ. ಲಾಗ್ ಕ್ಯಾಬಿನ್‌ಗೆ ಬೇಡ. ಗಾಢ ಗಾಢಕ್ಕೆ ತಾಗಿದರೆ ತಾನೇ ವಜ್ರ ಆಗುವುದು? ನಕ್ಷತ್ರದಂಥ, ತನ್ನಷ್ಟಕ್ಕೆ ತಾನೇ ಪೂರ್ತಿಯಾದ ಬ್ಲಾಕಿಗೆ ಪಟ್ಟಿ ಚೆಂದ.

ಇನ್ನೊಂದು ದಾರಿ, ಬ್ಲಾಕುಗಳನ್ನು ಮೂಲೆಯ ಮೇಲೆ ನಿಲ್ಲಿಸುವುದು. 12 ಇಂಚಿನ ಬ್ಲಾಕ್ ಮೂಲೆಯಿಂದ ಮೂಲೆಗೆ ಸುಮಾರು 17 ಇಂಚು ಬರುತ್ತದೆ. ಅಡ್ಡ ನಾಲ್ಕು, ಉದ್ದ ಐದು ಇಟ್ಟರೆ ಆ ಇಪ್ಪತ್ತರ ಸಂದುಗಳಲ್ಲಿ ಇನ್ನೂ ಹನ್ನೆರಡು ಕೂರುತ್ತವೆ. ಒಟ್ಟು 32 ಬ್ಲಾಕಿಗೆ 68ಕ್ಕೆ 85 ಇಂಚು. ನೇರವಾಗಿ ಇಟ್ಟರೆ 72ಕ್ಕೆ 84 ಆಗಲು 42 ಬ್ಲಾಕ್ ಬೇಕು, ಸೋಮಾರಿಗಳಿಗೆ ಲಾಭವೇ. ಅಂಚಿನ ಸಂದಿಗೆ ಮಾತ್ರ ತ್ರಿಕೋನ ಬೇಕು. 18¼ ಇಂಚಿನ ಚೌಕವನ್ನು ಎರಡೂ ಓರೆಗೆ ಕತ್ತರಿಸಿ ನಾಲ್ಕು ಮಾಡಿ, ಆಗ ಉದ್ದನೆಯ ಬದಿ ಬಟ್ಟೆಯ ನೇರ ಎಳೆಗೆ ಬರುತ್ತದೆ. ಆ ಬದಿ ಓರೆ ಎಳೆಗೆ ಬಂದರೆ ಅಂಚು ಹಿಗ್ಗಿ ಅಲೆ ಅಲೆಯಾಗುತ್ತದೆ. ನಾಲ್ಕು ಮೂಲೆಗೆ 9⅜ ಇಂಚಿನ ಎರಡು ಚೌಕ, ಒಂದೇ ಓರೆಗೆ ಕತ್ತರಿಸಿದರೆ ಸಾಕು.

ನಮ್ಮ ಕೌದಿಗೆ ಈ ಲೆಕ್ಕ ಯಾವುದೂ ಇಲ್ಲ ಅಂತ ಕೆಲವರು ನಗುತ್ತಾರೆ. ನಿಜ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಸಿಕ್ಕ ತುಂಡಿಗೆ ತಕ್ಕ ಹಾಗೆ ಕೈ ಓಡುತ್ತದೆ, ಮೂಲೆಗೆ ‘ಫೂಲ’, ಅಂದರೆ ಬಟ್ಟೆ ಮಡಚಿ ಮಾಡಿದ ಹೂವು ಇಡುತ್ತಾರೆ. ಅಲ್ಲಿ ಜೋಡಣೆ ಹೊಲಿಗೆಯ ಜತೆಗೇ ಹುಟ್ಟುತ್ತದೆ. ಬ್ಲಾಕಿನ ಕೆಲಸದಲ್ಲಿ ಅದು ಹೊಲಿಗೆಗೂ ಮುಂಚೆ, ನೆಲದ ಮೇಲೆ ಆಗಬೇಕು.

ಆದ್ದರಿಂದ ಹಾಸಿ. ಕುರ್ಚಿ ಮೇಲೆ ಹತ್ತಿ ನೋಡಿ, ಕಣ್ಣು ಕಿರಿದು ಮಾಡಿ ನೋಡಿ, ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಎದ್ದು ನೋಡಿ. ಒಪ್ಪಿಗೆಯಾದ ಮೇಲೆ ಫೋಟೊ ತೆಗೆದು, ಒಂದೊಂದು ಸಾಲಿನ ಎಡತುದಿಯ ಬ್ಲಾಕಿಗೆ ನಂಬರಿನ ಚೀಟಿ ಪಿನ್ ಮಾಡಿ, ಆಮೇಲೆ ಎತ್ತಿ. ಚೀಟಿಯನ್ನು ಯಾವಾಗಲೂ ಮೇಲಿನ ಅಂಚಿಗೇ ಚುಚ್ಚಿ. ಮಷೀನಿನ ಹತ್ತಿರ ಹೋಗುವಷ್ಟರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ಮರೆತೇ ಹೋಗಿರುತ್ತದೆ.